ಸಪ್ಪಲಮ್ಮನ ಅಂಚಿನ ಆನೆ

ಸಪ್ಪಲಮ್ಮನಿಗೆ ಸಿಟ್ಟು ಬಂತೆಂದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಲಾಳಿಗಳೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದವು. ಅಂಥ ಸಿಟ್ಟು ಬರಿಸಿದವರು ಬೂದಿಗೆರೆಯ ಮುನಿವೆಂಕಟಪ್ಪ ಗೌಡರು. ಮಗಳ ಧಾರೆ ಸೀರೆ ಎಲ್ಲಿಗೆ ಬಂತೆಂದು ನೋಡಲು ಬಂದ ಪುಣ್ಯಾತ್ಮ, ಮಗ್ಗದ ಮೇಲೆ ಬಗ್ಗಿ, ಅಂಚಿನ ಜರಿ ಆನೆಗಳನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು.

“ಏನಮ್ಮಾ ಇದು? ಎರಡು ಎಡಗಾಲೂ ಒಟ್ಟಿಗೇ ಎತ್ತೈತಲ್ಲ! ನನ್ನೆತ್ತು ಹಿಂಗೆ ನಡೆದ್ರೆ ಮಗುಚ್ಕೊಂಡು ಬೀಳ್ತದೆ. ಅಂಚು ಬಿಚ್ಚಾಕಿ ಬೇರೆ ನೇಯಿ.”

“ನಮ್ಮಪ್ಪ ನೇಯ್ತಿದ್ದ ಆನೆ ಇದು ಗೌಡ್ರೇ. ಒಂದೆಳೆ ಬಿಚ್ಚಲ್ಲ.”

ಅಪ್ಪ ಅವಳಿಗೆ ಬಿಟ್ಟುಹೋದದ್ದು ಆ ಕುಣಿಮಗ್ಗ ಮತ್ತು ಆ ಆನೆ, ಎರಡೇ. ಆನೆ ಸುಳ್ಳಾದರೆ ಅಪ್ಪನೂ ಸುಳ್ಳಾದಂತಲ್ಲವೇ? ಅವಳ ಎದೆ ಉರಿಯಿತು. ಮೈಸೂರಿನ ಮೆರವಣಿಗೆ ಆನೆಯ ಮಾತೆತ್ತಿದರೆ ಗೌಡರು ಒಪ್ಪಲಿಲ್ಲ. “ಕಾಲಿಗೆ ಸರಪಳಿ ಹಾಕಿಸ್ಕೊಂಡಿದ್ದು ಸಾಕ್ಷಿ ಆಗಲ್ಲ. ಕಾಡಾನೆ ತೋರ್ಸು,” ಎಂದರು. ಪಂತ ಬಿತ್ತು. ಅಂಚು ತಪ್ಪಾದರೆ ಅವಳು ಬಿಚ್ಚಬೇಕು. ಸರಿಯಾದರೆ ಗೌಡರು ನೇಕಾರರ ಬೀದಿಯ ಉದ್ದಕ್ಕೂ ಆನೆಯ ಹಾಗೆ ಅಂಬೆಗಾಲಲ್ಲಿ ನಡೆಯಬೇಕು.

ಮರುವಾರವೇ ಬೀದಿಯ ಜನ ಇಮಾಮ್ ಸಾಬರ ಬಸ್ಸಿನಲ್ಲಿ ನಂಜನಗೂಡಿನ ದೇವರ ದರ್ಶನಕ್ಕೆ ಹೊರಟಿದ್ದರು; ಸಪ್ಪಲಮ್ಮನೂ ಗೌಡರೂ ಅದನ್ನೇ ಹತ್ತಿದರು. ಅಲ್ಲಿಂದ ಮುಂದಕ್ಕೆ ಬಂಡೀಪುರ, ಮಹಾರಾಜರು ಮೃಗಗಳಿಗೆಂದೇ ಮೀಸಲಿಟ್ಟ ಕಾಡು. ಯುದ್ಧದ ಕಾಲ ನೋಡಿ, ಪೆಟ್ರೋಲಿಗೆ ಬರ. ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಅನಿಲದಲ್ಲೇ ಕೆಮ್ಮುತ್ತ ಓಡುತ್ತಿತ್ತು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ತಳ್ಳುವುದರಲ್ಲೂ ಅದೆಂಥ ನಗು, ಅದೆಂಥ ಸಡಗರ!

ಕಾಡಿನ ಬಾಗಿಲಲ್ಲಿ ಗಾರ್ಡ್ ಜವರಪ್ಪ ಹತ್ತಿಕೊಂಡ. ಜಿಂಕೆಯ ಹಿಂಡು ಬಂತು, ನವಿಲು ಬಂತು, ಬಂಡೆಯಂಥ ಕಾಡುಕೋಣ ಬಂತು. ಜನ ಕಿಟಕಿಗೆ ಮುಗಿಬಿದ್ದರು. ಸಪ್ಪಲಮ್ಮನದು ಒಂದೇ ಜಪ: “ಆನೆ ಎಲ್ಲಪ್ಪಾ? ಆನೆ ಕಾಲು ತೋರ್ಸಪ್ಪಾ.”

“ಎಲ್ರೂ ಹುಲಿ ಕೇಳ್ತಾರೆ ಕಣವ್ವಾ, ನೀನೊಬ್ಳು ಕಾಲು ಕೇಳ್ತೀಯಲ್ಲ,” ಎಂದು ಜವರಪ್ಪ ತಲೆ ಕೆರೆದುಕೊಂಡ.

ಮೊದಲ ಆನೆ ಕಂಡಿತು, ಹೊಟ್ಟೆ ಮುಟ್ಟುವ ಹುಲ್ಲಿನಲ್ಲಿ. ಎರಡನೆಯದು ಕೆರೆಯ ನಡುವೆ ನೀರೆರಚಿಕೊಳ್ಳುತ್ತಿತ್ತು. “ಇವಕ್ಕೆ ಕಾಲೇ ಇಲ್ಲವಲ್ಲಮ್ಮಾ!” ಎಂದು ಗೌಡರು ಚಪ್ಪಾಳೆ ತಟ್ಟಿದರು. ಬಿಸಿಲು ಇಳಿಯುತ್ತಿತ್ತು. ಇನ್ನು ಹಿಂತಿರುಗಬೇಕು ಎಂದ ಜವರಪ್ಪ. ಸಪ್ಪಲಮ್ಮನಿಗೆ ಅಳುವೇ ಬಂತು.

ಆಗಲೇ ಇದ್ದಿಲ ಒಲೆ ಆರಿ ಬಸ್ಸು ನಿಂತುಹೋಯಿತು. ಇಮಾಮ್ ಸಾಬರು “ಯಾ ಅಲ್ಲಾ” ಎನ್ನುತ್ತ ಗಾಳಿ ಹಾಕಲು ಇಳಿಯುವಷ್ಟರಲ್ಲಿ ಜವರಪ್ಪ ಅವರ ತೋಳು ಹಿಡಿದ. “ಶ್! ಅಳ್ಳಾಡ್ಬೇಡಿ.”

ಮುಂದಿನ ರಸ್ತೆಗೆ ಆನೆಗಳು ಬಂದವು. ಹುಲ್ಲಿಲ್ಲ, ನೀರಿಲ್ಲ, ಬರೀ ಕೆಂಪು ಮಣ್ಣು. ಅಷ್ಟು ದೊಡ್ಡ ಜೀವಗಳು, ಒಂದಿಷ್ಟೂ ಸದ್ದಿಲ್ಲ. ಮುಂದಿನ ಹೆಣ್ಣಾನೆಯ ಎಡ ಹಿಂಗಾಲು ಎದ್ದಿತು. ಅದು ನೆಲ ಮುಟ್ಟುವ ಮೊದಲೇ ಎಡ ಮುಂಗಾಲೂ ಎದ್ದಿತು. ಒಂದು ಕ್ಷಣ ಎರಡು ಎಡಗಾಲೂ ಗಾಳಿಯಲ್ಲಿ! ಆಮೇಲೆ ಬಲಗಡೆಯವು. ಅದರ ಹಿಂದಿನದೂ ಹಾಗೇ, ಅದರ ಹಿಂದಿನದೂ ಹಾಗೇ, ಅವಳ ಅಂಚೇ ರಸ್ತೆಗಿಳಿದು ಹೋದಂತೆ.

“ಅಪ್ಪಾ,” ಎಂದಳು ಸಪ್ಪಲಮ್ಮ. ಕಣ್ಣೀರು ಧಾರಾಕಾರ, ಮುಖದ ತುಂಬ ನಗು. ಅಪ್ಪ ಯಾವ ಕಾಡಿನಲ್ಲಿ, ಯಾವಾಗ ನೋಡಿದ್ದನೋ, ಕೇಳಲು ಅವನಿಲ್ಲ. ನೋಡಿದ್ದನಂತೂ ನಿಜ.

ಗೌಡರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಸೋತೆ ಕಣಮ್ಮಾ.”

ಮಾತಿಗೆ ತಪ್ಪುವ ಆಸಾಮಿ ಅಲ್ಲ ಅವರು. ಊರಿಗೆ ಬಂದ ಮಾರನೆಯ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ, ಬೀದಿಯ ತುದಿಯಲ್ಲಿ ಕೈಯೂರಿ ಹೊರಟೇಬಿಟ್ಟರು. ಬೀದಿಗೆ ಬೀದಿಯೇ ಜಗಲಿ ಮೇಲೆ. ಬಲಗೈ ಮುಂದೆ ಹೋದರೆ ಅವರ ಎಡ ಮಂಡಿ ಮುಂದೆ ಬರುತ್ತಿತ್ತು. “ಗೌಡ್ರೇ, ಆನೆ ಹಂಗೆ ನಡಿಯಲ್ಲ!” ಎಂದು ಸಪ್ಪಲಮ್ಮ ಪಕ್ಕದಲ್ಲೇ ಕೂಗುತ್ತ ನಡೆದಳು. ಸರಿಮಾಡಲು ಹೋಗಿ ಅವರು ಎರಡು ಸಲ ಮಗುಚಿ ಬಿದ್ದರು. ನಕ್ಕು ನಕ್ಕು ಜನರ ಪಕ್ಕೆ ಹಿಡಿದುಕೊಂಡಿತು.

ತಿಂಗಳು ಕಳೆದು ಸೀರೆ ಒಯ್ಯಲು ಬಂದಾಗ ಗೌಡರು ಅಂಚನ್ನು ಬೆರಳಲ್ಲಿ ಸವರುತ್ತ ಸೆರಗಿನ ತನಕ ಹೋದರು. ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಆನೆ.

“ಅಲ್ಲಮ್ಮಾ, ಇದೊಂದರ ಕಾಲು ಎಡವಟ್ಟಾಗೈತಲ್ಲ? ಎಡಗಾಲೊಂದು, ಬಲಗಾಲೊಂದು ಎತ್ತೈತೆ.”

“ಅದು ಕಾಡಾನೆ ಅಲ್ಲ ಗೌಡ್ರೇ. ನಮ್ಮ ಬೀದೀಲಿ ನಡೀತಲ್ಲ, ಆ ಆನೆ. ನಿಮ್ಮ ಮಗಳು ಗಂಡನ ಮನೆಗೆ ಹೋಗೋವಾಗ ಅಪ್ಪ ಜೊತೇಲಿರಲಿ ಅಂತ ನೇಯ್ದೆ.”

ಗೌಡರು ಆ ಪುಟ್ಟ ಆನೆಯನ್ನು ಇನ್ನೊಮ್ಮೆ ಸವರಿದರು. ಸೆರಗನ್ನು ನಾಲ್ಕು ಮಡಿಕೆ ಮಡಚಿ ಎದೆಗೆ ಅವಚಿಕೊಂಡರು.

“ಇದೊಂದ್ನ ಮಾತ್ರ ಬಿಚ್ಚಬ್ಯಾಡ ಕಣಮ್ಮಾ,” ಎಂದರು.