ಕುಂಕುಮ ಹಚ್ಚಿದ ಡಿಸ್ಕು

ಟಿಕ್ — ಈಗ ಕೇಳಿಸಿತಲ್ಲ, ಇಲ್ಲ ಬಿಡು, ಗೋಡೆ ಗಡಿಯಾರ ಇರಬೇಕು, ಆದರೆ ಗಡಿಯಾರ ನಿಂತು ಎರಡು ತಿಂಗಳಾಯಿತಲ್ಲ, ಸೆಲ್ ತರಬೇಕು ತರಬೇಕು ಅನ್ನುತ್ತಲೇ ಇದ್ದೀಯಲ್ಲ ಅಮೃತಾ, ಹಾಗಾದರೆ ಹಲ್ಲಿ, ಹಲ್ಲಿ ಹೀಗೆ ಒಂದೇ ಸಲ ನುಡಿದು ಸುಮ್ಮನಾಗುವುದಿಲ್ಲ, ಹೊಲಿಗೆ ಮಷೀನಂತೂ ಸುಮ್ಮನಿದೆ, ಅದರ ಮುಂದೆ ಕೂರಬೇಕಾದವಳು ಬೆಳಿಗ್ಗೆಯಿಂದ ಈ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ, ಪರದೆಯ ಮೇಲೆ ಹಸಿರು ಗೆರೆ ಅರ್ಧ ದಾಟಿದೆ, ಪಕ್ಕದಲ್ಲಿ ಕರಿ ಡಬ್ಬಿ, ಡಬ್ಬಿಯ ಸೀಳಿನಲ್ಲಿ ನೆಟ್ಟಗೆ ನಿಂತ ಡಿಸ್ಕು, ಡಿಸ್ಕಿನ ನೆತ್ತಿಯ ಮೇಲೆ ಅತ್ತೆ ಹಚ್ಚಿದ ಕುಂಕುಮ, ಒಂದೇ ಬೊಟ್ಟು, ದುಂಡಗೆ, ಒಣಗಿ ಅಂಚು ಕಪ್ಪಾಗಿದೆ. ಹೊಸ ಡಿಸ್ಕು ಅದು, ಹೊಸದೇ, ಹೊಸ ಡಿಸ್ಕು ಟಿಕ್ ಅನ್ನುವುದಿಲ್ಲ, ಟಿಕ್ ಅನ್ನುತ್ತಿದ್ದದ್ದು ಹಳೆಯದು, ಅದಕ್ಕೇ ಅಲ್ಲವೇ ಇಷ್ಟೆಲ್ಲ ಉಸಾಬರಿ, ನನ್ನ ಬ್ಲೌಸ್ ಡಿಸೈನಿನ ಫೋಟೊಗಳು, ಮಗಳು ಸಹನಾಳ ಜವಳದಿಂದ ಹಿಡಿದು ಕಾಲೇಜಿನ ತನಕದ ಫೋಟೊಗಳು, ಎಲ್ಲ ತುಂಬಿ ಜಾಗ ಇಲ್ಲ ಜಾಗ ಇಲ್ಲ ಅಂತ ದಿನಾ ಕೆಂಪಗೆ ಬೈಯುತ್ತಿತ್ತು, ಮೇಲಿಂದ ಈ ಟಿಕ್ ಟಿಕ್, ಕೊಪ್ಪಳದ ಅಂಗಡಿಯ ಗೋವಿಂದರಾಜ ನಾನು ಫೋನಿನಲ್ಲಿ ಹಿಡಿದುಕೊಂಡು ಹೋದ ಆ ಸದ್ದನ್ನು ಕಿವಿಯಿಟ್ಟು ಕೇಳಿ, ಅಕ್ಕಾರ, ಇದರ ತಲಿ ಕೆಟ್ಟೈತ್ರಿ, ದೊಡ್ಡದೊಂದು ಹಾಕ್ಕೊಂಡು ಎಲ್ಲಾ ಅದಕ್ಕ ಸುರುವಿಕೊಳ್ರಿ, ಮೊದ್ಲ ಹೊಸಾದನ್ನ ಈ ಡಬ್ಬಿಯಾಗ ನಿಂದ್ರಸ್ರಿ, ಫಾರ್ಮ್ಯಾಟ್ ಮಾಡ್ಲ್ಯಾ ಅಂತ ಕೇಳತೈತಿ, ಹೂಂ ಅನ್ರಿ, ಗಡಿಬಿಡೀದು ಬ್ಯಾಡ, ಪೂರ್ತಿದು ಮಾಡ್ರಿ, ಒಳಗೆಲ್ಲಾ ತೊಳಕೊಂಡು ಬರ್ಲಿ, ನಡಕ ಮಾತ್ರ ಅಲ್ಲಾಡ್ಸಬ್ಯಾಡ್ರಿ, ವಾಯರ್ ಕೀಳಬ್ಯಾಡ್ರಿ, ಡಿಸ್ಕ್ ಸತ್ತು ಹೊಕ್ಕೈತಿ. ನನ್ನ ಗಂಡ ಕಲ್ಲೇಶ ಕುಷ್ಟಗಿಯ ಆಫೀಸಿನಿಂದ ಫೋನಿನಲ್ಲಿ, ಶನಿವಾರ ನಾ ಬರ್ತೀನಿ, ಅಲ್ಲೀತನಕ ಮುಟ್ಟಬ್ಯಾಡ ಮಾರಾಯ್ತಿ, ಅವ್ವನ ಹಾಡು ಅದರಾಗ ಅದಾವು. ಮುಟ್ಟಬೇಡ ಅಂದರೆ ಮುಟ್ಟುವ ಜಾತಿ ನಾನು, ಹೊಲಿಗೆ ಮಷೀನಿನ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿದೆ, ಕಂಪ್ಯೂಟರು ಓಡಿಸುವ ಸಣ್ಣದನ್ನು ಒಳಗೇ ಬಿಟ್ಟು ಈ ಹಳೆಯದನ್ನು ಹೊರಗೆ ತೆಗೆದು ಧೂಳು ಒರೆಸಿ ಥಳಥಳ ಮಾಡಿ ಹೊಸದರ ಪಕ್ಕದಲ್ಲಿಟ್ಟೆ, ಅತ್ತೆ ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದರು, ನನ್ನ ಕೈಗೆ ಯಾವ ರೋಗ ಬಂದಿತ್ತೋ ಯಾಕೆ ಒರೆಸಿದೆ, ಧೂಳಿದ್ದಿದ್ದರೆ ಗುರುತಾದರೂ ಇರುತ್ತಿತ್ತು.

ಅವ್ವನ ಹಾಡು ಅದರಾಗ ಅದಾವು. ಅತ್ತೆ ಕಳಕಮ್ಮ, ತಳಕಲ್ ಊರಿನ ಮಗಳು, ಈ ನಮ್ಮ ಭಾಗ್ಯನಗರದಲ್ಲಿ ಅವರ ಸೋಬಾನೆ ಇಲ್ಲದೆ ಯಾರ ಮನೆಯ ಹಂದರವೂ ಏಳುತ್ತಿರಲಿಲ್ಲ, ಆರು ವರ್ಷದ ಹಿಂದೆ ಗಂಟಲಲ್ಲಿ ಗಂಟು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು, ತೆಗೆಯುವ ಮುಂಚೆ ಕಲ್ಲೇಶ ಮೂರು ದಿನ ಅವ್ವನನ್ನು ಕೂರಿಸಿ ಹಾಡಿಸಿ ಹಾಡಿಸಿ ಇದರಲ್ಲಿ ತುಂಬಿಟ್ಟರು, ಈಗ ಕೊರಳಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಅರಿವೆ, ನಮ್ಮನ್ನು ಕರೆಯಬೇಕಾದರೆ ಎರಡು ಚಪ್ಪಾಳೆ. ದಿನಾ ಸಂಜೆ ದೀಪ ಹಚ್ಚಿ ಬಂದು ಈ ಸ್ಟೂಲಿನ ಮೇಲೆ ಕೂರುತ್ತಾರೆ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ತಮ್ಮದೇ ದನಿ ಕೇಳುತ್ತಾರೆ, ತುಟಿ ಅಲ್ಲಾಡುತ್ತಿರುತ್ತದೆ. ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ ಅಂತ ಯಾರೂ ಹೇಳಲಿಲ್ಲವೇ, ಎಲ್ಲರೂ ಹೇಳಿದರು, ಸಹನಾ ಹೇಳಿದಳು, ನಾಳೆ ಮಾಡಿದರಾಯಿತು ಅಂದವಳು ನಾನೇ. ಬೇಡ, ಈಗ ಅದೆಲ್ಲ ಯಾಕೆ, ಹಾಡಿಗೇನಾಗಿದೆ, ಹಾಡಿರುವ ಹಳೆಯ ಡಿಸ್ಕು ದೇವರ ಜಗಲಿಯ ಮೇಲೆ ತಟ್ಟೆಯಲ್ಲಿ ತಣ್ಣಗೆ ಮಲಗಿದೆ, ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅತ್ತೆ ಎರಡನ್ನೂ ಎತ್ತಿಕೊಂಡು ಹೋಗಿದ್ದರು, ಬಂದು ನೋಡಿದರೆ ಒಂದಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದಾರೆ, ಇನ್ನೊಂದನ್ನು ತಟ್ಟೆಯಲ್ಲಿ ಅಕ್ಕಿ ಹರವಿ ಅದರ ಮೇಲೆ ಮಲಗಿಸಿದ್ದಾರೆ, ಅತ್ತೆಗೆ ಏನೇ ಇಡಲಿ ಕೆಳಗೆ ನಾಲ್ಕು ಕಾಳು ಅಕ್ಕಿ ಬೇಕು, ನಾನು ಕುಂಕುಮದ್ದನ್ನು ಎತ್ತಿಕೊಂಡು ಬಂದೆ. ಫ್ರಿಜ್ ಬಂದಾಗ ಕುಂಕುಮ ಹಚ್ಚಲಿಲ್ಲವೇ, ಮಷೀನು ಬಂದಾಗ, ಈ ಕಂಪ್ಯೂಟರು ಬಂದಾಗ ಹಚ್ಚಲಿಲ್ಲವೇ, ಹೊಸದಕ್ಕೇ ಹಚ್ಚುವುದು. ಮಿಕ್ಸಿಗೂ ಹಚ್ಚಿದ್ದರು. ಆ ಮಿಕ್ಸಿ ಹೊಸದಲ್ಲ, ಹಳೆಯದು, ಪಕ್ಕದ ಮನೆಯ ಹಸೀಬಾಳಿಗೆ ಕೊಟ್ಟುಬಿಡುವಾಗ ಹಚ್ಚಿದ್ದರು, ಹಸೀಬಾ ಬಿದ್ದು ಬಿದ್ದು ನಕ್ಕಿದ್ದಳು, ಅಮೃತಕ್ಕಾ, ನಿಮ್ಮ ಅತ್ತಿಯಾರು ಮಿಕ್ಸಿಗೆ ಬಾಸಿಂಗ ಒಂದ್ ಕಟ್ಟಿಲ್ಲ ನೋಡ್ರಿ. ಅಯ್ಯೋ ಶಿವನೇ, ಎಮ್ಮೆಯನ್ನು ಅಳವಂಡಿಯವರಿಗೆ ಕೊಟ್ಟಾಗಲೂ ಹಣೆಗೆ ಕುಂಕುಮ, ಕಣ್ಣಲ್ಲಿ ನೀರು. ಮೊನ್ನೆ ಹಸೀಬಾ ಈ ಬಾಗಿಲಲ್ಲೇ ನಿಂತು, ಹಳೇ ಡಿಸ್ಕ್ ಒಗೀಬ್ಯಾಡ್ರಿ ಅಕ್ಕಾ, ನಮ್ಮ ಇರ್ಫಾನಾ ಕೇಳಾಕತ್ತ್ಯಾಳ, ಅಂದಾಗ ಅತ್ತೆ ಅಲ್ಲೇ ಕೂತು ಕಡಲೆ ಆರಿಸುತ್ತಿದ್ದರು, ಎಲ್ಲ ಕೇಳಿಸಿಕೊಂಡರು.

ಟಿಕ್. ಇದು ಹಲ್ಲಿ ಅಲ್ಲ. ಎದ್ದು ಜಗಲಿಯ ತನಕ ಹೋಗು, ಆ ತಟ್ಟೆಯಲ್ಲಿರುವುದನ್ನು ತಿರುವಿ ಚೀಟಿ ಓದು, ಹತ್ತು ಹೆಜ್ಜೆ, ಹತ್ತೇ ಹೆಜ್ಜೆ, ಕಾಲು ಏಳುತ್ತಿಲ್ಲ, ಓದಿದರೆ ಗೊತ್ತಾಗಿಬಿಡುತ್ತದೆ, ಇಲ್ಲಿ ಕೂತಿರುವ ತನಕ ಇನ್ನೂ ಗೊತ್ತಿಲ್ಲ. ಬೆಳಿಗ್ಗೆಯೇ ಓದಬಹುದಿತ್ತಲ್ಲ, ಎರಡೂ ಒಂದೇ ಕಂಪನಿ, ಒಂದೇ ಬಣ್ಣ, ಇರುವೆಯಂಥ ಅಕ್ಷರ, ಕುಂಕುಮ ಇರುವಾಗ ಕನ್ನಡಕ ಯಾಕೆ ಅಂದುಕೊಂಡೆ, ಶಾಣ್ಯಾಕಿ. ಆದರೆ ಅದು ಕೇಳಿತಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಅದೇ ಕೇಳಿತಲ್ಲ, ತುಂಬಿದ ಡಿಸ್ಕು ಯಾಕೆ ಕೇಳುತ್ತದೆ, ಖಾಲಿಯದೇ ಕೇಳುವುದು, ಅಷ್ಟು ಸಾಕು ಸಾಕ್ಷಿ, ಸಾಕು — ಗೋವಿಂದರಾಜ ಇನ್ನೂ ಏನೋ ಅಂದಿದ್ದ, ನಾನು ಚೀಲ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ, ಬಸ್ಸು ಬಂದಿತ್ತು, ಹಿಂದಿನಿಂದ ಕೂಗಿದ, ಅಕ್ಕಾರ, ತಲಿ ಕೆಟ್ಟಿದ್ದು ಒಮ್ಮೊಮ್ಮೆ ತನ್ನ ಗುರ್ತು ತಾನ ಮರೀತೈತ್ರಿ, ಅದೂ ಫಾರ್ಮ್ಯಾಟ್ ಕೇಳತೈತಿ, ಅದಕ್ಕ ಹೂಂ ಅನ್ನಬ್ಯಾಡ್ರಿ, ನನ್ನ ಕಡೆ ತರ್ರಿ, ಮತ್ತ ತೊಳದಿದ್ದು ತಿರುಗಿ ಬರಂಗಿಲ್ಲ. ಹೂಂ ಹೂಂ ಅಂತ ತಲೆಯಾಡಿಸಿ ಬಸ್ ಹತ್ತಿದೆ. ಈಗ ಫೋನ್ ಹಚ್ಚಿದರೆ ಸ್ವಿಚ್ ಆಫ್, ಇನ್ನೊಮ್ಮೆ ಹಚ್ಚು, ಸ್ವಿಚ್ ಆಫ್, ಗಂಗಾವತಿಗೆ ಕೆಲಸಕ್ಕೆ ಹೋಗುತ್ತೇನೆ ಅಂದಿದ್ದ. ವಾಯರ್ ಕಿತ್ತುಬಿಡಲೇ, ಹೊಸದಾಗಿದ್ದರೆ ಸುಮ್ಮನೆ ಒಂದು ಡಿಸ್ಕು ಹಾಳು, ಕಲ್ಲೇಶ ಬೈಯುತ್ತಾರೆ, ಬೈಯಲಿ, ಹಳೆಯದಾಗಿದ್ದರೆ, ಅಲ್ಲ, ಹಳೆಯದಲ್ಲ, ಅತ್ತೆ ಹಾಗೆಲ್ಲ ಮಾಡುವವರಲ್ಲ, ಹೊಸದಕ್ಕೆ ಕುಂಕುಮ, ಹೊಸದಕ್ಕೆ — ಅವರ ದನಿ ಈಗ ಯಾಕೆ ನೆನಪಾಗಬೇಕು, ದಿನಾ ಸಂಜೆ ಕೇಳಿ ಕೇಳಿ ನನಗೂ ಬಾಯಿಪಾಠ, ಮಗಳನ್ನು ಕಳಿಸುವ ಹಾಡು, ನಡುವೆ ಒಮ್ಮೆ ಕೆಮ್ಮಿ ಮತ್ತೆ ಎತ್ತಿಕೊಳ್ಳುತ್ತಾರೆ, ಹೋಗಾಕಿ ಹಣಿಗೆ ಕುಂಕುಮ ಹಚ್ಚವ್ವ, ಬರಾಕಿ ಕಾಲಿಗೆ ಅಕ್ಕಿ ಇಡು, ಹೋಗಾಕಿ ಹಣಿಗೆ ಕುಂಕುಮ, ಬರಾಕಿ ಕಾಲಿಗೆ ಅಕ್ಕಿ. ನಾನು ಈ ಮನೆಯ ಹೊಸ್ತಿಲು ದಾಟುವಾಗ ಸೇರಿನ ಅಕ್ಕಿ ಒದ್ದೇ ಒಳಗೆ ಬಂದವಳು, ಸೇರು ಇಟ್ಟವರು ಅವರೇ. ತಟ್ಟೆಯಲ್ಲಿ ಅಕ್ಕಿ ಇತ್ತು.

ಚಪ್ಪಾಳೆ, ಎರಡು. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡಿದ್ದಾರೆ, ಅಕ್ಕಿಯ ಮೇಲೆ ಡಿಸ್ಕು, ಚೀಟಿ ಮೇಲಾಗಿದೆ, ಈಗ ಕನ್ನಡಕ ಇಲ್ಲದೆಯೂ ಓದಲು ಬರುತ್ತಿದೆ, ಒಂದು ಟೆರಾಬೈಟ್, ಹೊಸದು. ಡಬ್ಬಿಯಲ್ಲಿ ನಿಂತದ್ದನ್ನು ಬೆರಳು ಮಾಡಿ ತೋರಿಸಿ ಹಸೀಬಾಳ ಮನೆಯ ಕಡೆ ಕೈ ಬೀಸುತ್ತಾರೆ, ಹೋಗಿ ಬರಲಿ, ಆಮೇಲೆ ತಟ್ಟೆ ತೋರಿಸಿ ಎದೆ ಮುಟ್ಟಿಕೊಳ್ಳುತ್ತಾರೆ, ಇದು ನಮ್ಮದು, ನನ್ನ ಕೈ ತಾನಾಗಿ ಹೋಗಿ ವಾಯರ್ ಕಿತ್ತಿತು, ಹಸಿರು ಗೆರೆ ಮುಕ್ಕಾಲು ದಾಟಿ ನಿಂತಿತು, ಟಿಕ್ ಇಲ್ಲ, ಏನೂ ಇಲ್ಲ, ಒಳಗೆ ಇಷ್ಟು ಹೊತ್ತು ತಿರುಗುತ್ತಿದ್ದದ್ದು ಸಣ್ಣಗೆ ಇಳಿದು ಇಳಿದು ನಿಂತಿತು, ಉಳಿದ ಕಾಲು ಭಾಗದಲ್ಲಿ ಇರಬಹುದೇ, ಒಂದಾದರೂ, ಅರ್ಧ ಹಾಡಾದರೂ, ಆ ಕೆಮ್ಮಾದರೂ, ತೊಳದಿದ್ದು ತಿರುಗಿ ಬರಂಗಿಲ್ಲ ಅಕ್ಕಾರ. ಸದ್ದು ನಿಂತದ್ದಕ್ಕೆ ಅತ್ತೆ ಹಾಡು ಸುರುವುವ ಕೆಲಸ ಮುಗಿಯಿತು ಅಂದುಕೊಂಡರು, ನಕ್ಕರು, ಸಂಜೆಯ ತನಕ ತಡೆಯಲಾರದೆ ಸ್ಟೂಲು ಎಳೆದು ಕೂತರು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಹಿಂದೆ ಅಂಗೈ ಇಟ್ಟರು, ಗದ್ದ ಎತ್ತಿ ನನಗೆ ಸನ್ನೆ ಮಾಡಿದರು, ಶುರು ಮಾಡು, ಅತ್ತೀ ಅನ್ನಬೇಕು, ಅತ್ತೀ ನಾನು ಅನ್ನಬೇಕು, ದನಿ ಬರುತ್ತಿಲ್ಲ, ಅವರ ತುಟಿ ಆಗಲೇ ಮೊದಲ ನುಡಿಗೆ ಅಲ್ಲಾಡುತ್ತಿದೆ, ಕಿವಿಯ ಹಿಂದಿನ ಆ ಬೆರಳ ತುದಿ ಇನ್ನೂ ಕೆಂಪಗಿದೆ, ನಾನು ಅವರ ಮುಖ ನೋಡಲಾರೆ, ಡಬ್ಬಿ ನೋಡುತ್ತಿದ್ದೇನೆ, ಡಿಸ್ಕಿನ ನೆತ್ತಿಯ ಮೇಲೆ ಒಂದೇ ಬೊಟ್ಟು, ದುಂಡಗೆ, ಅಂಚು ಕಪ್ಪಾದ ಕುಂಕುಮ, ಹೋಗಾಕಿ ಹಣಿಗೆ ಕುಂಕುಮ, ಕುಂಕುಮ —