ನಾನು ತಿದ್ದಿದ ಕಾಲುಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಹಾಲು ಉಕ್ಕಿದ ಹಾಗೆ ಬರುತ್ತದೆ, ಹಾಗೇ ಇಳಿಯುತ್ತದೆ. ಆದರೆ ಆ ಮಂಗಳವಾರ ಫ್ರೇಮಿನಜ್ಜನ ಅಂಗಡಿಯಲ್ಲಿ ಬಂದ ಸಿಟ್ಟು ಇವತ್ತಿನವರೆಗೂ ಇಳಿದಿಲ್ಲ.

ನಾನು ಹಕ್ಕಿಗಳ ಚಿತ್ರ ಬರೆಯುವವಳು. ಪಂಜರದ ಹಕ್ಕಿಗಳದ್ದಲ್ಲ, ಕಾಡು ಹಕ್ಕಿಗಳದ್ದು. ಅಂಗೈ ಅಗಲದ ಮರದ ಹಲಗೆ, ಅದರ ಮೇಲೆ ಎಣ್ಣೆ ಬಣ್ಣ, ಒಂದು ಹಲಗೆಗೆ ಒಂದೇ ಹಕ್ಕಿ. ಹಿಂದೆ ಬೆಟ್ಟ ಗುಡ್ಡ, ಸೂರ್ಯಾಸ್ತ, ಹೂಬಳ್ಳಿ ಒಂದೂ ಇರುವುದಿಲ್ಲ. ದೊಡ್ಡ ಮನುಷ್ಯರ ಮುಖಚಿತ್ರವನ್ನು ಎಷ್ಟು ಮರ್ಯಾದೆಯಿಂದ ಬರೆಯುತ್ತಾರೋ ಅಷ್ಟೇ ಮರ್ಯಾದೆಯಿಂದ ಒಂದು ಪುಟ್ಟ ಸಿಪಿಲೆ ಹಕ್ಕಿಯನ್ನೂ ಬರೆಯಬೇಕು ಎಂಬುದು ನನ್ನ ಹಟ. ಹಕ್ಕಿಯ ಮರ್ಯಾದೆಯ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮಂಡಿ ಕೈಕೊಟ್ಟ ಮೇಲೆ ಕೆರೆ ದಂಡೆ, ಪೊದೆ ಅಲೆಯುವುದು ನಿಂತಿತು. ಆರು ವರ್ಷದಿಂದ ನನಗೆ ತಮ್ಮನೇ ಕಣ್ಣು. ಅವನು ಉದ್ದ ಮೂತಿಯ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಾನೆ, ಫೋಟೋ ತರುತ್ತಾನೆ, ನಾನು ಅದನ್ನು ನೋಡಿ ಬರೆಯುತ್ತೇನೆ. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತೊಂದು. ತಲೆ ಬಾಚಿ ಶಾಲೆಗೆ ಕಳಿಸಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ಅವನ ಕಡೆ ಯಾರಾದರೂ ಬೆರಳು ತೋರಿಸಿದರೆ ಮೊದಲು ಜಗಳಕ್ಕೆ ನಿಲ್ಲುವವಳೂ ನಾನೇ.

ಊರಿನ ದೊಡ್ಡ ಚಿತ್ರಶಾಲೆಯವರು ನಮ್ಮಿಬ್ಬರನ್ನೂ ಒಟ್ಟಿಗೆ ಕರೆದಿದ್ದರು. ಹನ್ನೆರಡು ಹಕ್ಕಿ, ಹನ್ನೆರಡು ಚೌಕಟ್ಟು. ಪ್ರತಿಯೊಂದರಲ್ಲೂ ಎಡಕ್ಕೆ ತಮ್ಮನ ಫೋಟೋ, ಬಲಕ್ಕೆ ನನ್ನ ಚಿತ್ರ. ಶನಿವಾರ ಉದ್ಘಾಟನೆ. ಅದು ಚೆನ್ನಾಗಿ ನಡೆದರೆ ತಮ್ಮನ ಫೋಟೋಗಳನ್ನು ಪುಸ್ತಕವಾಗಿ ತರುವುದಾಗಿ ಚಿತ್ರಶಾಲೆಯ ಮೇಡಂ ಮಾತು ಕೊಟ್ಟಿದ್ದರು. ಹದಿನೈದು ವರ್ಷದಿಂದ ಅವನು ಕಾದಿದ್ದು ಅದಕ್ಕೇ.

ಮಂಗಳವಾರ ಹಲಗೆಗಳನ್ನೂ ಫೋಟೋಗಳನ್ನೂ ಫ್ರೇಮಿನಜ್ಜನ ಅಂಗಡಿಗೆ ಒಯ್ದೆ. ಅಜ್ಜ ನಲವತ್ತು ವರ್ಷದಿಂದ ಚೌಕಟ್ಟು ಹಾಕುತ್ತಿರುವವರು, ಹುಬ್ಬಿನಲ್ಲೂ ಮರದ ಪುಡಿ. ಮಿಂಚುಳ್ಳಿಯ ಫೋಟೋ ಮತ್ತು ಚಿತ್ರವನ್ನು ಮೇಜಿನ ಮೇಲೆ ಜೋಡಿಸಿ, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದರು.

"ಏನಮ್ಮಾ, ಇವೆರಡೂ ಒಂದೇ ಹಕ್ಕೀನಾ?"

"ಒಂದೇ. ಯಾಕೆ?"

"ಕಾಲು ಬೇರೆ ಬೇರೆ ಇದೆಯಲ್ಲ."

ನನಗೆ ಮೈಯೆಲ್ಲ ಉರಿಯಿತು. "ಅಜ್ಜಾ, ನೀವು ಮೂಲೆ ಸರಿಯಾಗಿ ಕೂರಿಸಿ ಸಾಕು. ಹಕ್ಕಿ ನನಗೆ ಬಿಡಿ."

ಅಜ್ಜ ಬೇಜಾರು ಮಾಡಿಕೊಳ್ಳಲಿಲ್ಲ. ಡ್ರಾಯರಿನಿಂದ ಭೂತಗನ್ನಡಿ ತೆಗೆದು ನನ್ನ ಕಡೆ ಸರಿಸಿದರು. ಬಯ್ಯುವುದಕ್ಕೆಂದೇ ಅದನ್ನು ಕೈಗೆ ತೆಗೆದುಕೊಂಡೆ.

ಹಕ್ಕಿ ಕೊಂಬೆಯ ಮೇಲೆ ಕೂತಾಗ ಕಾಲು ಮಡಿಯುತ್ತದೆ. ಮಡಿದ ಕೂಡಲೇ ಬೆರಳುಗಳು ತಾವಾಗಿ ಕೊಂಬೆಯನ್ನು ಬಿಗಿಹಿಡಿಯುತ್ತವೆ. ಅದಕ್ಕೇ ನಿದ್ದೆ ಹೋದರೂ ಬೀಳುವುದಿಲ್ಲ. ನನ್ನ ಚಿತ್ರದಲ್ಲಿ ಮಿಂಚುಳ್ಳಿಯ ಬೆರಳುಗಳು ಹಾಗೇ ಕೊಂಬೆಯನ್ನು ಸುತ್ತಿದ್ದವು. ಫೋಟೋದಲ್ಲಿ ಕಾಲು ಸೆಟೆದಿತ್ತು, ಬೆರಳು ಚಪ್ಪಟೆಯಾಗಿ ಚಾಚಿದ್ದವು, ಅವುಗಳ ಕೆಳಗೆ ಬೆಳ್ಳಗೆ ಏನೋ ಮೆತ್ತಿತ್ತು.

ನಾನು ಅದನ್ನು ಮೊದಲ ಸಲ ನೋಡುತ್ತಿರಲಿಲ್ಲ. ಬರೆಯುವಾಗ ಇಪ್ಪತ್ತು ದಿನ ಅದೇ ಫೋಟೋವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೆ. ಬೆಳ್ಳಗಿರುವುದು ಹಿಕ್ಕೆ ಎಂದುಕೊಂಡಿದ್ದೆ. ಬೆರಳು ಚಾಚಿದ್ದಕ್ಕೆ, ಈಗ ತಾನೇ ಬಂದು ಕೂತಿರಬೇಕು ಎಂದುಕೊಂಡಿದ್ದೆ. ಹಕ್ಕಿಯ ಕಾಲು ಹೇಗಿರಬೇಕೆಂದು ನನ್ನ ಕೈಗೆ ಗೊತ್ತಿತ್ತು, ಅದು ನನ್ನನ್ನು ಕೇಳದೆಯೇ ತಿದ್ದಿಕೊಂಡು ಹೋಗಿತ್ತು. ಕೈ ಅಷ್ಟು ಪಳಗಿದೆ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಅಜ್ಜ ಚಂದ್ರಮುಕುಟ ಎಂಬ ಜುಟ್ಟಿನ ಹಕ್ಕಿಯ ಫೋಟೋ ಮುಂದಿಟ್ಟರು. ಒಂದು ಕಾಲು ಹಿಂದಕ್ಕೆ ಎಳೆದಂತಿತ್ತು, ಹಿಮ್ಮಡಿಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ. ಹುಲ್ಲಿನ ಎಳೆ ಎಂದುಕೊಂಡು ನಾನು ಅದನ್ನು ಬಿಟ್ಟಿದ್ದೆ.

"ದಾರ ಅಮ್ಮ ಅದು," ಅಂದರು ಅಜ್ಜ. "ಚಿಕ್ಕವರಿದ್ದಾಗ ನಾವೂ ಕಟ್ಟಿ ಆಡ್ತಿದ್ವಿ. ದಾರ ಬಿಗಿಯಾದಾಗ ಹಿಂಗೇ ಕೂರುತ್ತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಬೆಕ್ಕುಗಳು ನಾವೇ. ಅದಕ್ಕೇ ಗುರುತು ಸಿಕ್ತು."

ಹನ್ನೆರಡನ್ನೂ ನೋಡಿದೆವು. ಒಂಬತ್ತು ಹಕ್ಕಿಗಳ ಕಾಲಿನಲ್ಲಿ ಕೊಂಬೆಗೆ ಅಂಟಿಸಿದ ಬಿಳಿ ಅಂಟು ಇಲ್ಲವೇ ಕಟ್ಟಿದ ದಾರ. ಒಂಬತ್ತನ್ನೂ ನಾನು ಚೊಕ್ಕವಾಗಿ ತಿದ್ದಿದ್ದೆ.

ಆ ಒಂಬತ್ತು ಹಲಗೆಗಳನ್ನೂ ಅವುಗಳ ಫೋಟೋಗಳನ್ನೂ ಚೀಲಕ್ಕೆ ಹಾಕಿಕೊಂಡು ಅಲ್ಲಿಂದ ನೇರ ತಮ್ಮನ ಮನೆಗೆ ಹೋದೆ. ಅವನು ಕಿಟಕಿಯ ಹತ್ತಿರ ಕೂತು ಮೆತ್ತನೆಯ ಬಟ್ಟೆಯಲ್ಲಿ ಲೆನ್ಸ್ ಒರೆಸುತ್ತಿದ್ದ. ಮಿಂಚುಳ್ಳಿಯ ಫೋಟೋವನ್ನು ಅವನ ತೊಡೆಯ ಮೇಲೆ ಹಾಕಿದೆ.

"ಕಾಲು ನೋಡು."

ಅವನು ಕಾಲು ನೋಡಲಿಲ್ಲ, ನನ್ನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಲ್ಲಿಗೇ ನನಗೆ ಎಲ್ಲ ತಿಳಿಯಿತು.

"ಎಲ್ಲರೂ ಮಾಡ್ತಾರೆ ಅಕ್ಕ. ಹತ್ತು ನಿಮಿಷ ಅಷ್ಟೆ. ಆಮೇಲೆ ನೀರು ಹಾಕಿದ್ರೆ ಬಿಟ್ಕೊಳ್ಳುತ್ತೆ."

"ಬಿಟ್ಕೊಂಡು ಹಾರಿಹೋಯ್ತಾ? ಹೋಗಿದ್ದನ್ನ ನೋಡಿದ್ಯಾ?"

ಅವನು ಮತ್ತೆ ಲೆನ್ಸ್ ಒರೆಸತೊಡಗಿದ. "ಕೆಲವು ಹೋದ್ವು."

"ಮಿಕ್ಕಿದ್ದು?"

ಅವನು ಲೆನ್ಸಿಗೆ ಮುಚ್ಚಳ ಹಾಕಿದ. ನನ್ನ ಕೈ ಎದ್ದಿತು. ತಲೆ ನರೆಯುತ್ತಿರುವ ಗಂಡಸಿನ ಕೆನ್ನೆಗೆ ಬಾರಿಸಿದೆ. ಅವನಿಗೆ ನಾನು ಹೊಡೆದದ್ದು ಜೀವನದಲ್ಲಿ ಅದೇ ಮೊದಲು.

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಹೊಡಿ ಅಕ್ಕ, ಇನ್ನೂ ಎರಡು ಹೊಡಿ. ಆದ್ರೆ ಇದನ್ನ ಕೇಳಿದ್ದು ಯಾರು? ಕಣ್ಣಲ್ಲಿ ಬೆಳಕಿನ ಚುಕ್ಕೆ ಇಲ್ಲದ ಫೋಟೋ ನನ್ನ ಮನೆಗೆ ತರಬೇಡ ಅಂದಿದ್ದು ಯಾರು? ಉಗುರು ಎಣಿಸೋ ಹಾಗಿರಬೇಕು, ಗರಿ ಒಂದೊಂದೂ ಕಾಣಬೇಕು ಅಂದೆ. ಮೊದಲೆರಡು ವರ್ಷ ಸೊಳ್ಳೆ ಕಚ್ಚಿಸ್ಕೊಂಡು ಪೊದೇಲಿ ಕೂತು ತಂದಿದ್ದನ್ನೆಲ್ಲ ಮಸುಕು ಅಂತ ವಾಪಸ್ ತಳ್ಳಿದೆ. ಅಷ್ಟು ಹತ್ತಿರ ಹೋದ್ರೆ ಕಾಡು ಹಕ್ಕಿ ಅಲ್ಲಾಡದೆ ಕೂರುತ್ತಾ? ನೀನೇ ಹೇಳು."

ಅವನು ಹೇಳಿದ ಮಾತುಗಳೆಲ್ಲ ನನ್ನವೇ, ನನ್ನದೇ ದನಿಯಲ್ಲಿ ನೆನಪಿದ್ದವು. ಅದರಿಂದ ಸಿಟ್ಟು ಕಡಿಮೆಯಾಗಬೇಕಿತ್ತು, ಇಮ್ಮಡಿಯಾಯಿತು.

"ಶನಿವಾರ ಒಂದು ಆಗಿಹೋಗ್ಲಿ," ಅವನು ದನಿ ತಗ್ಗಿಸಿದ. "ಆಮೇಲೆ ಬಿಟ್ಟುಬಿಡ್ತೀನಿ, ಆಣೆ. ಯಾರಿಗೂ ಗೊತ್ತಾಗಲ್ಲ. ನೀನು ಹೆಂಗೂ ಸರಿ ಮಾಡಿದ್ದೀಯಲ್ಲ."

ಬಾಯಿ ಬಿಟ್ಟರೆ ತಮ್ಮನ ಪುಸ್ತಕವೂ ಹೋಯಿತು, ಹೆಸರೂ ಹೋಯಿತು. ನಾನು ಸಾಕಿದ ಹುಡುಗನನ್ನು ನಾನೇ ಬೀದಿಗೆ ನಿಲ್ಲಿಸಿದಂತೆ. ಬಾಯಿ ಮುಚ್ಚಿಕೊಂಡರೆ ಅವನು ಕಟ್ಟಿದ ದಾರವನ್ನು ನಾನು ಅಳಿಸುತ್ತಾ ಕೂರಬೇಕು. ಫೋಟೋ ಎತ್ತಿಕೊಂಡು ಮನೆಗೆ ಬಂದು ಒಂಬತ್ತು ಹಲಗೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಬ್ಲೇಡಿನಿಂದ ಒಂದೊಂದೇ ಕಾಲನ್ನು ಹೆರೆದೆ. ಒಣಗಿದ ಎಣ್ಣೆ ಬಣ್ಣ ಸುಲಭವಾಗಿ ಬರುವುದಿಲ್ಲ, ಹೆರೆಯುವಾಗ ಎರಡು ಕಡೆ ಹಲಗೆಗೇ ಗೀರು ಬಿತ್ತು. ಬೀಳಲಿ ಎಂದು ಬಿಟ್ಟೆ. ಮೂರು ದಿನ ಭೂತಗನ್ನಡಿ ಹಿಡಿದು ಫೋಟೋದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆ. ಸೆಟೆದ ಕಾಲು, ಚಾಚಿದ ಬೆರಳು, ಬಿಳಿ ಅಂಟು. ದಾರಕ್ಕೆ ನಾಲ್ಕೇ ಕೂದಲಿನ ಕುಂಚ ಬೇಕಾಯಿತು, ಬಿಳಿಗೆ ಚೂರು ಬೂದಿ ಬಣ್ಣ ಬೆರೆಸಿ ಉಸಿರು ಬಿಗಿಹಿಡಿದು ಎಳೆದೆ. ಕಣ್ಣುಗಳನ್ನು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ಜೀವಕಳೆ ಎಂದು ಎಲ್ಲರೂ ಹೊಗಳಿದ ಆ ಕಣ್ಣುಗಳಲ್ಲಿ ನಾನು ಬರೆದಿದ್ದು ಹೆದರಿಕೆಯನ್ನು, ಅದೊಂದು ಮಾತ್ರ ಮೊದಲಿನಿಂದ ಸರಿಯಾಗಿತ್ತು.

ಎಣ್ಣೆ ಬಣ್ಣ ಮೂರು ದಿನಕ್ಕೆ ಒಣಗುವುದಿಲ್ಲ. ಫ್ರೇಮಿನಜ್ಜ ಬಂದು ಹಲಗೆಗಳ ಮೂಲೆಗೆ ಬೆಂಡಿನ ತುಂಡು ಸಿಗಿಸಿ ಒಂದಕ್ಕೊಂದು ತಾಗದ ಹಾಗೆ ಪೆಟ್ಟಿಗೆಗೆ ತುಂಬಿದರು. ಗಾಜು ಹಾಕದೆ ಚೌಕಟ್ಟು ಕಟ್ಟಿ ತಾವೇ ಚಿತ್ರಶಾಲೆಯಲ್ಲಿ ನೇತುಹಾಕಿದರು. ಬಣ್ಣ ಹಸಿ ಇದೆ, ಮುಟ್ಟಬೇಡಿ ಎಂದು ಒಂದು ಚೀಟಿಯನ್ನೂ ಅಂಟಿಸಿದರು. ತಮ್ಮ ಎರಡು ಸಲ ಫೋನ್ ಮಾಡಿದ. ಚಿತ್ರ ತಲುಪಿದೆ ಎಂದಷ್ಟೇ ಹೇಳಿದೆ. ಅಕ್ಕ ಕರಗಿದಳು ಎಂದುಕೊಂಡಿರಬೇಕು.

ಶನಿವಾರ ಸಭಾಂಗಣ ತುಂಬಿತ್ತು. ತಮ್ಮ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತು ಬಂದವರ ಕೈ ಕುಲುಕುತ್ತಿದ್ದ, ಇನ್ನೂ ಒಳಗೆ ಬಂದು ನೋಡಿರಲಿಲ್ಲ. ಉದ್ಘಾಟನೆಗೆ ಕರೆಸಿದ್ದ ವಿಮರ್ಶಕರು ಮೇಡಂ ಜೊತೆ ಮೊದಲ ಚೌಕಟ್ಟಿನ ಮುಂದೆ ನಿಂತರು. ಅದು ಚಂದ್ರಮುಕುಟ. ತಮ್ಮನೂ ಅವರ ಹಿಂದೆ ಬಂದು ನಿಂತು ಚಿತ್ರ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಆಹಾ, ದಾರ," ಅಂದರು ವಿಮರ್ಶಕರು. ಎಡಕ್ಕಿದ್ದ ಫೋಟೋದ ಕಡೆ ಅವರು ಕಣ್ಣು ಹಾಯಿಸಲೂ ಇಲ್ಲ. "ಎಂಥ ಕಲ್ಪನೆ. ಬಂಧನಕ್ಕೆ ಇದಕ್ಕಿಂತ ಒಳ್ಳೆ ರೂಪಕ ಬೇಕಾ? ಹಾರಬಲ್ಲದು, ಆದರೂ ಹಾರಲಾರದು."

ಮೇಡಂ ತಲೆದೂಗಿದರು. ತಮ್ಮ ತುಟಿ ಸವರಿಕೊಂಡು, ನನ್ನನ್ನು ನೋಡದೆ, "ಹೌದು ಸಾರ್, ಎಲ್ಲ ಅಕ್ಕನ ಕಲ್ಪನೆ," ಅಂದ.

"ಕಲ್ಪನೆ ಅಲ್ಲ," ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸಾರ್, ಎಡಗಡೆ ಫೋಟೋ ನೋಡಿ. ಕಾಲಿನ ಹತ್ತಿರ. ಅಲ್ಲೂ ದಾರ ಇದೆ. ಕಟ್ಟಿದ್ದು ನನ್ನ ತಮ್ಮ. ಉಗುರು ಕಾಣಬೇಕು, ಕಣ್ಣು ಹೊಳೀಬೇಕು ಅಂತ ಕಟ್ಟೋ ಹಾಗೆ ಮಾಡಿದ್ದು ನಾನು. ರೂಪಕ ಗೀಪಕ ಏನಿಲ್ಲ, ಹಕ್ಕಿ ಕಾಲಿಗೆ ದಾರ."

ವಿಮರ್ಶಕರು ಬಗ್ಗಿ ಫೋಟೋ ನೋಡಿದರು, ನೆಟ್ಟಗಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಮೇಡಂ ನನ್ನ ಮೊಣಕೈ ಮುಟ್ಟಿ, "ಇದನ್ನೆಲ್ಲ ಒಳಗೆ ಕೂತು ಮಾತಾಡೋಣ," ಅಂದರು. ಸುತ್ತಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಅಕ್ಕ," ತಮ್ಮ ಕೇಳಿಸಿಯೂ ಕೇಳಿಸದ ಹಾಗೆ ಅಂದ, "ಮನೆಗೆ ಹೋಗೋಣ ನಡಿ." ಶಾಲೆಯಲ್ಲಿ ಯಾರೋ ಹೊಡೆದರು ಎಂದು ಬಂದು ಹೇಳುತ್ತಿದ್ದಾಗಿನ ದನಿ ಅದು. ಕರೆದುಕೊಂಡು ಹೋಗಿಬಿಡೋಣ ಎಂದೂ ಅನ್ನಿಸಿತು.

ಅವನ ಮುಂಗೈ ಹಿಡಿದೆ. ಬಿಡಿಸಿಕೊಳ್ಳಲು ನೋಡಿದ, ಬಿಡಲಿಲ್ಲ.

"ಇನ್ನೂ ಎಂಟು ಇದೆ," ಅಂದೆ. "ಯಾವುದು ಹಾರಿಹೋಯ್ತು, ಯಾವುದು ಹೋಗ್ಲಿಲ್ಲ, ನೀನೇ ಹೇಳು. ಅದು ನನಗೂ ಗೊತ್ತಿಲ್ಲ."

ಮಿಂಚುಳ್ಳಿಯ ಮುಂದೆ ಅವನನ್ನು ನಿಲ್ಲಿಸಿದೆ. ಅವನು ಮೊದಲು ನನ್ನ ಚಿತ್ರ ನೋಡಿದ, ಆಮೇಲೆ ತನ್ನ ಫೋಟೋ ನೋಡಿದ.

"ಇದು ಹೋಗ್ಲಿಲ್ಲ," ಅಂದ.