ಗೆದ್ದು ಮಲಗಿದವನು

ಕಿಕ್ಕಿರಿದ ಬಸ್ಸನ್ನು ಹತ್ತುವವನಂತೆ, ಯಾರ ಮೈಗೂ ತಾಗದ ಹಾಗೆ ಭುಜ ಓರೆಮಾಡಿಕೊಂಡು ಆತ ಅಖಾಡಕ್ಕೆ ಬರುತ್ತಿದ್ದ. ಸುತ್ತಲೂ ಧಾರಾಳ ಜಾಗವಿದ್ದರೂ ಆ ನಡಿಗೆ ಬದಲಾಗುತ್ತಿರಲಿಲ್ಲ. ಬಂದವನು ಕಂದು ಕೋಟನ್ನು ಕಳಚಿ, ಸುಕ್ಕಾಗದಂತೆ ಮಡಿಸಿ, ಇಡಲೊಂದು ಶುಭ್ರವಾದ ಮೂಲೆಯನ್ನು ಹುಡುಕತೊಡಗುತ್ತಿದ್ದ. ಎದುರಾಳಿಯಾದ ದೈತ್ಯಕಾಯನು ತೊಡೆ ತಟ್ಟಿ ಗರ್ಜಿಸುತ್ತಿದ್ದರೂ, ಕೋಟನ್ನಿಡಲು ನೆಲೆ ಸಿಗುವವರೆಗೆ ಆತನಿಗೆ ಯುದ್ಧದ ಪರಿವೆಯೇ ಇರುತ್ತಿರಲಿಲ್ಲ.

ಅದು ಪ್ರದರ್ಶನದ ಕುಸ್ತಿ; ಗೆಲ್ಲುವವನಾರು, ಸೋಲುವವನಾರು ಎಂಬುದು ಪೂರ್ವನಿಶ್ಚಿತ. ಆತನ ಪಾಲಿಗೆ ಬಂದದ್ದು ಸೋಲು. ನೆಲಕ್ಕೆ ಹಾಸಿದ್ದು ರಬ್ಬರಾದರೂ ಕಂಪನಿಯವರೆಲ್ಲ ಆತನನ್ನು ‘ಮಣ್ಣುಮುಕ್ಕ’ ಎಂದೇ ಕರೆಯುತ್ತಿದ್ದರು. ಅದರ ಬೇಸರ ಆತನಿಗಿರಲಿಲ್ಲ. ಕುತೂಹಲವೊಂದು ಮಾತ್ರ ಬೆನ್ನು ಬಿಡದೆ ಕಾಡುತ್ತಿತ್ತು. ಜನ ಸೋತವನಿಗೆ ಸೀಟಿ ಹೊಡೆಯುವುದೇಕೆ? ಬಾಗಿಲಲ್ಲಿ ಕಾದು ನಿಂತು, ಬೆನ್ನಿನ ನೋವು ಹೇಗಿದೆಯೆಂದು ವಿಚಾರಿಸುವುದೇಕೆ?

“ಕರುಣೆ ಕಣ್ರೀ, ಇನ್ನೇನು?” ಎನ್ನುತ್ತಿದ್ದಳು, ಕಂಪನಿಯ ಉಡುಪುಗಳನ್ನು ಹೊಲಿಯುತ್ತಿದ್ದ ಹೆಂಡತಿ, ಹಲ್ಲಿನಲ್ಲಿ ದಾರ ಕತ್ತರಿಸುತ್ತ.

“ಕರುಣೆಗೆ ಯಾರಾದ್ರೂ ಸೀಟಿ ಹೊಡೀತಾರೇನೇ?”

ಹೊಸದಾಗಿ ಬಂದ ಮ್ಯಾನೇಜರನಿಗೆ ಈ ಸೋಲಿನ ವೈಭವ ರುಚಿಸಲಿಲ್ಲ. “ಈ ಭಾನುವಾರ ನೀನೇ ಗೆಲ್ಲು. ಕೋಟು ಗೀಟು ಬೇಡ, ಸಿಂಹದ ಥರ ಬರಬೇಕು. ಜನ ಎದ್ದು ನಿಲ್ಲಲಿಲ್ವೋ, ಸೋಮವಾರದಿಂದ ಬೇರೆ ಕೆಲಸ ಹುಡುಕ್ಕೋ” ಎಂದುಬಿಟ್ಟ.

ಭಾನುವಾರ ಆತ ಎದೆಯುಬ್ಬಿಸಿ ಓಡಿಬಂದ, ಗರ್ಜಿಸಿದ. ಸಭಾಂಗಣ ತಣ್ಣಗಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವರನ್ನು, “ನಮ್ಮೋನು ಯಾವಾಗ ಬರ್ತಾನೆ?” ಎಂದು ಕೇಳಿದ್ದು ಆತನ ಕಿವಿಗೂ ಬಿತ್ತು. ಅನ್ನದ ದಾರಿ ಮುಚ್ಚಿತೆಂದುಕೊಂಡರೂ, ಹೇಳಿಕೊಟ್ಟ ಪಟ್ಟುಗಳನ್ನೆಲ್ಲ ಹಾಕಿ ದೈತ್ಯನನ್ನು ಕೆಡವಿದ. ಮುಕ್ತಾಯದ ಗಂಟೆ ಬಡಿಯಿತು. ಆ ಸದ್ದಿಗೆ ಕಣ್ಣು ಮುಚ್ಚಿ ಅಂಗಾತ ಚಾಚಿಕೊಳ್ಳುವುದು ಆತನ ಶರೀರಕ್ಕೆ ಅಂಟಿದ ಅಭ್ಯಾಸ. ಗೆದ್ದವನು ಸೋತವನ ಪಕ್ಕದಲ್ಲೇ ಅಚ್ಚುಕಟ್ಟಾಗಿ ಮಲಗಿಬಿಟ್ಟ!

ದೈತ್ಯ ಮೊಣಕೈಯಿಂದ ತಿವಿದ. “ಏಳೋ ಮಾರಾಯ, ಇವತ್ತು ಬಿದ್ದಿರೋದು ನಾನು!” ಪಿಸುಗುಟ್ಟಲು ಹೋದ ಮಾತು ಹಿಂದಿನ ಸಾಲಿನವರೆಗೂ ಕೇಳಿಸಿತು.

“ಹೌದಲ್ವಾ! ತಪ್ಪಾಯ್ತು, ತಪ್ಪಾಯ್ತು” ಎಂದು ಗಡಬಡಿಸಿ ಎದ್ದ ಆತ, ಎರಡೂ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಎದುರಾಳಿಗೇ ಕೈ ನೀಡಿ ಎಬ್ಬಿಸಿದ.

“ಅಯ್ಯೋ, ನಮ್ಮೋನೇ ಕಣ್ರಪ್ಪಾ!” ಎಂದು ಮುದುಕಿ ಎದ್ದು ನಿಂತಳು, ಅವಳ ಹಿಂದೆ ಸಾಲುಸಾಲಾಗಿ ಇಡೀ ಸಭಾಂಗಣ. ಮ್ಯಾನೇಜರ ತಲೆ ಕೆರೆದುಕೊಳ್ಳುತ್ತ, “ನಾಳೆ ಸ್ವಲ್ಪ ಬೇಗ ಬಾ” ಎಂದಷ್ಟೇ ಹೇಳಿದ.

ಎಂದೋ ಒಮ್ಮೆ ಗೆಲುವು ಮನೆಬಾಗಿಲಿಗೆ ಬಂದರೆ ಅದನ್ನು ಎಲ್ಲಿ ಕೂರಿಸಬೇಕೆಂದು ತೋಚದೆ ತಡಬಡಾಯಿಸುವವರೇ ಲೋಕದಲ್ಲಿ ಬಹುಮಂದಿ. ಸಿಂಹಗಳನ್ನು ನೋಡಲು ಅವರು ಟಿಕೆಟ್ ಕೊಂಡಾರು. ಆದರೆ ನಮ್ಮವನೆಂದು ಎದ್ದು ನಿಲ್ಲುವುದು, ಗೆಲುವಿನೆದುರು ತಮ್ಮಷ್ಟೇ ಸಂಕೋಚಪಡುವವನಿಗಾಗಿ.